ಯಾರ ಮನೆಯ ಡೋಲು?

ಸಂಗೀತದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದು ಸಂಶಯ. ಈ ರಾಗ ರಕ್ತದೊತ್ತಡಕ್ಕೆ, ಆ ರಾಗ ನಿದ್ದೆ ಬಾರದವರಿಗೆ ಎಂದು ಪಟ್ಟಿ ಮಾಡಿ ಮಾರುವವರನ್ನು ನೋಡಿ ನೋಡಿ ಬೆಳೆದ ಸಂಶಯ ಅದು. ಸಂಗೀತವನ್ನು ಮಾತ್ರೆಯ ಮಟ್ಟಕ್ಕೆ ಇಳಿಸಿದರೆ ಸಂಗೀತಕ್ಕೂ ಅವಮಾನ, ಮಾತ್ರೆಗೂ ಅವಮಾನ. ದಕ್ಷಿಣ ಆಫ್ರಿಕದ ಮಲೊಂಬೊ ಎಂಬ ತಂಡದ ಬಗ್ಗೆ ಬರೆದವರೆಲ್ಲ ಪೂರ್ವಿಕರ ಚಿಕಿತ್ಸಾ ಪದ್ಧತಿಯ ಮಾತನ್ನು ಎತ್ತದೆ ಬಿಡುವುದಿಲ್ಲ. ಹಾಗೆ ಓದಿಕೊಂಡು ಕೇಳಲು ಕುಳಿತವರು ಏನನ್ನು ನಿರೀಕ್ಷಿಸುತ್ತಾರೆ? ಕಣ್ಣು ಮುಚ್ಚಿಸುವ, ತಂಗಾಳಿಯಂಥ ಏನನ್ನೋ. ಆದರೆ ಕಿವಿಗೆ ಬೀಳುವುದು ಬೇರೆಯೇ. ಒಂದು ಗಿಟಾರು ಮೂರೋ ನಾಲ್ಕೋ ಸ್ವರ ನುಡಿಸಿ ಥಟ್ಟನೆ ನಿಲ್ಲುತ್ತದೆ. ಬರಿಗೈಯಲ್ಲಿ ಬಡಿದ ಡೋಲು ಆ ಖಾಲಿ ಜಾಗದೊಳಕ್ಕೆ ನುಗ್ಗುತ್ತದೆ. ಹಾಡುವವನು ಒಮ್ಮೆ ಎದೆಯಾಳದಿಂದ ಗುರುಗುಟ್ಟುತ್ತಾನೆ, ಮತ್ತೊಮ್ಮೆ ಕೀರಲು ದನಿಯಲ್ಲಿ ತನಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತಾನೆ. ಇದರಲ್ಲಿ ಸಮಾಧಾನಕ್ಕಿಂತ ತಗಾದೆಯೇ ಹೆಚ್ಚು. ಯಾರೋ ಬಾಗಿಲು ತಟ್ಟಿ, ತೆಗೆಯುವ ತನಕ ಹೋಗುವುದಿಲ್ಲ ಎಂದು ಹಟ ಹಿಡಿದು ನಿಂತಂತೆ.

ಈ ಹಟ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಮಲೊಂಬೊ ಎಂಬ ಹೆಸರನ್ನೇ ಹಿಡಿದು ಹೊರಡಬೇಕು. ದಕ್ಷಿಣ ಆಫ್ರಿಕದ ಈಶಾನ್ಯದ ತುದಿಯಲ್ಲಿ, ಲಿಂಪೊಪೊ ನದಿಯ ಈಚೆ ದಡದಲ್ಲಿ ವೆಂಡಾ ಜನರಿದ್ದಾರೆ. ಅವರಲ್ಲಿ ಮಲೊಂಬೊ ಎಂದರೆ ಒಬ್ಬರ ಮೈಮೇಲೆ ಬರುವ ಪೂರ್ವಿಕರ ಆತ್ಮ. ಆ ಆತ್ಮವನ್ನು ಬರಮಾಡಿಕೊಳ್ಳುವ ಆಚರಣೆಗೂ ಅದೇ ಹೆಸರು. ಹ್ಯೂ ಸ್ಟೇಟ್ ಎಂಬವರು 1931ರಲ್ಲಿ ವೆಂಡಾ ಜನಜೀವನದ ಬಗ್ಗೆ ಬರೆದ ಪುಸ್ತಕದಲ್ಲಿ ಇದರ ವಿವರ ಬರುತ್ತದೆ. ಯಾರಿಗೋ, ಹೆಚ್ಚಾಗಿ ಹೆಂಗಸಿಗೆ, ಯಾವ ಬೇರು ನಾರಿಗೂ ಬಗ್ಗದ ಕಾಯಿಲೆ ಬರುತ್ತದೆ. ಕಣಿ ನೋಡುವವರು ಇದು ಮೈಯ ರೋಗವಲ್ಲ, ನಿನ್ನ ಕುಲದ ಯಾರೋ ಒಬ್ಬರು ನಿನ್ನನ್ನು ಹುಡುಕಿಕೊಂಡು ಬಂದಿದ್ದಾರೆ ಎನ್ನುತ್ತಾರೆ. ಆಮೇಲೆ ಡೋಲು, ಸೋರೆಬುರುಡೆಯ ಗಿಲಕಿ, ಸುತ್ತ ಬಂಧುಗಳು. ರೋಗಿಯೇ ಕುಣಿಯಬೇಕು. ದಿನಗಟ್ಟಲೆ ನಡೆಯಬಹುದಾದ ಕುಣಿತ ಅದು. ಕೊನೆಗೆ ಆಕೆ ಕುಸಿದು ಬಿದ್ದು ತನ್ನದಲ್ಲದ ದನಿಯಲ್ಲಿ ಕೂಗಿಕೊಂಡಾಗ ಸುತ್ತಲಿದ್ದವರು ಕೇಳುವ ಪ್ರಶ್ನೆ: ನೀನು ಯಾರು, ಎಲ್ಲಿಂದ ಬಂದೆ, ಏನು ಬೇಕು? ಬಂದವರು ಹೆಸರು ಹೇಳುತ್ತಾರೆ, ನನ್ನನ್ನು ಮರೆತಿರಿ ಎನ್ನುತ್ತಾರೆ, ಒಂದು ಕೊಡಲಿಯನ್ನೋ ಬಟ್ಟೆಯನ್ನೋ ಕೇಳುತ್ತಾರೆ. ಕೊಟ್ಟರೆ ಕಾಯಿಲೆ ಇಳಿಯುತ್ತದೆ. ಇಳಿದರೂ ಸಂಬಂಧ ಮುಗಿಯುವುದಿಲ್ಲ. ಆಕೆ ಇನ್ನು ಮುಂದೆ ಆ ಕೂಟದವಳೇ, ಆಗಾಗ ಮತ್ತೆ ಕುಣಿಯಬೇಕಾದವಳೇ.

ಇಲ್ಲಿ ಗುಣವಾಗುವುದು ಎಂದರೆ ನೋವು ಮಾಯವಾಗುವುದಲ್ಲ. ನೋವಿಗೆ ಒಂದು ಹೆಸರು ಸಿಕ್ಕಿ, ಅದಕ್ಕೆ ಮನೆಯೊಳಗೆ ಒಂದು ಜಾಗ ಆಗುವುದು. ತುಳುನಾಡಿನ ಕಡೆ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮೈಮೇಲೆ ಬರುವುದು ಎಂಬ ಮಾತಿನೊಂದಿಗೇ ಅವರು ಬೆಳೆದಿರುತ್ತಾರೆ. ಆದರೆ ಹೋಲಿಕೆಯನ್ನು ಅದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ. ಎಲ್ಲ ದೇಶದ ದೈವಗಳೂ ಒಂದೇ ಎಂದುಬಿಟ್ಟರೆ ನಾವು ಯಾವುದನ್ನೂ ಸರಿಯಾಗಿ ನೋಡಲಿಲ್ಲ ಎಂದೇ ಅರ್ಥ.

ಸ್ಟೇಟ್ ಅವರ ಪುಸ್ತಕದಿಂದ ತಿಳಿಯುವ ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಎನ್ನಿಸುತ್ತದೆ. ಈ ಆಚರಣೆ ವೆಂಡಾ ನೆಲದಲ್ಲೇ ಅನಾದಿಯಿಂದ ಇದ್ದದ್ದಲ್ಲ. ನದಿಯ ಆಚೆ ದಡದ, ಇಂದಿನ ಜಿಂಬಾಬ್ವೆಯ ಕರಂಗ ಜನರಿಂದ ಬಂದದ್ದು, ಅದೂ ತೀರ ಹಿಂದೆಯೇನಲ್ಲ. ಮೈಮೇಲೆ ಬಂದ ಆತ್ಮ ಮಾತಾಡುವುದೂ ಆಚೆ ದಡದ ಭಾಷೆಯನ್ನೇ. ಪೂರ್ವಿಕರದ್ದು ಎಂದು ನಾವು ಕರೆಯುವ ವಸ್ತುವೇ ಹೊಳೆ ದಾಟಿ ಬಂದದ್ದು, ಹೊರಗಿನ ನುಡಿಯಲ್ಲಿ ಮಾತಾಡುವಂಥದ್ದು. ಬೇರು ಎಂಬ ಪದವನ್ನು ಸಲೀಸಾಗಿ ಬಳಸುವವರು ಇದನ್ನು ನೆನಪಿನಲ್ಲಿಟ್ಟುಕೊಂಡರೆ ಒಳ್ಳೆಯದು.

ಈಗ ತಂಡಕ್ಕೆ ಬರೋಣ. ಫಿಲಿಪ್ ತಬಾನೆ 1934ರಲ್ಲಿ ಪ್ರಿಟೋರಿಯಾದ ಹತ್ತಿರ ಹುಟ್ಟಿದವನು. ಮಾಮೆಲೋಡಿ ಎಂಬ, ಸರಕಾರ ಕಪ್ಪು ಜನರನ್ನು ತಂದು ಗುಡ್ಡೆ ಹಾಕಿದ ಬಡಾವಣೆಯಲ್ಲಿ ಬದುಕಿದವನು. ಗಿಟಾರನ್ನು ತಾನೇ ಕಲಿತ. ತಾಯಿ ಚಿಕಿತ್ಸೆ ಮಾಡುವವಳು. ನಗರದ ಜನ ಸಂಗೋಮ ಎಂದು ಕರೆಯುವ, ಪೂರ್ವಿಕರ ಕರೆ ಬಂದು ಆ ಕೆಲಸಕ್ಕೆ ಇಳಿಯುವವರ ಸಾಲಿಗೆ ಸೇರಿದವಳು. ಮನೆಮಾತು ಉತ್ತರ ಸೋಥೊ ಬಳಗದ್ದು, ವೆಂಡಾ ಅಲ್ಲ. ಜೂಲಿಯನ್ ಬಾಹುಲಾ ಡೋಲು ತಂದ, ಆ್ಯಬಿ ಸಿಂಡಿ ಕೊಳಲು ತಂದ. ಈ ಮೂವರು ಸೇರಿ ಮಲೊಂಬೊ ಜಾಝ್‌ಮೆನ್ ಆದರು. 1964ರಲ್ಲಿ ಸೊವೆಟೊದ ಒರ್ಲ್ಯಾಂಡೊ ಕ್ರೀಡಾಂಗಣದಲ್ಲಿ ನಡೆದ ಜಾಝ್ ಉತ್ಸವದಲ್ಲಿ ಬಹುಮಾನ ಗೆದ್ದರು. ಆ ಉತ್ಸವದ ಧ್ವನಿತಟ್ಟೆಯಲ್ಲಿ ಇವರ ಜೊತೆಗೆ ಅರ್ಲಿ ಮಬೂಜಾ ಎಂಬ ಡ್ರಮ್ಮರನ ತಂಡವೂ ಇದೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಆ ದಿನದ ಅಚ್ಚರಿ ಇವತ್ತಿಗೂ ಅರ್ಥವಾಗುತ್ತದೆ. ಮಬೂಜಾನ ತಂಡದ್ದು ಅಮೆರಿಕದ ಆಧುನಿಕ ಜಾಝನ್ನು ಅರಗಿಸಿಕೊಂಡ, ತುಂಬಿ ಹರಿಯುವ ನುಡಿ. ಮಲೊಂಬೊದವರಲ್ಲಿ ಪಿಯಾನೊ ಇಲ್ಲ, ತುತ್ತೂರಿಗಳಿಲ್ಲ. ಹೊಳೆಯ ಪಕ್ಕದಲ್ಲಿ ಯಾರೋ ಬಾವಿ ತೋಡಿದಂತೆ.

ಉತ್ಸವಕ್ಕೆ ಹಣ ಹಾಕಿದ್ದು ಒಂದು ಬಿಯರಿನ ಕಂಪನಿ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಯುರೋಪಿನ ರೀತಿಯ ಮದ್ಯವನ್ನು ಕಪ್ಪು ಜನ ಕೊಳ್ಳಬಾರದೆಂಬ ನಿಷೇಧ ತೆರವಾದದ್ದು 1962ರಲ್ಲಿ. ಆ ಸುಮಾರಿಗೇ ಈ ಉತ್ಸವಗಳು ಶುರುವಾದವು. ವ್ಯಾಪಾರಿಗೆ ಗಿರಾಕಿ ಬೇಕಿತ್ತು, ಸಂಗೀತಗಾರನಿಗೆ ವೇದಿಕೆ ಬೇಕಿತ್ತು. ಪೂರ್ವಿಕರ ಆತ್ಮ ಮೊದಲ ಬಾರಿಗೆ ಅಷ್ಟು ಜನರೆದುರು ಬಂದದ್ದು ಬಿಯರಿನ ಜಾಹೀರಾತಿನ ನೆರಳಲ್ಲಿ. ಇದನ್ನು ಹೇಳಿದರೆ ಕೆಲವರಿಗೆ ಮುಜುಗರವಾಗಬಹುದು, ನನಗೇನೂ ಆಗುವುದಿಲ್ಲ. ಪರಿಶುದ್ಧವಾದ ಜಾಗಕ್ಕಾಗಿ ಕಾದು ಕುಳಿತ ಕಲೆ ಕಾಯುತ್ತಲೇ ಇರುತ್ತದೆ.

ಅದಕ್ಕಿಂತ ಕತ್ತಲಾದ ನೆರಳು ಬೇರೆ ಇತ್ತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದಿದ್ದರು. 1964ರ ಜೂನಿನಲ್ಲಿ ನೆಲ್ಸನ್ ಮಂಡೇಲಾ ಮತ್ತು ಸಂಗಾತಿಗಳಿಗೆ ಜೀವಾವಧಿ ಶಿಕ್ಷೆಯಾಯಿತು. ಮಿರಿಯಂ ಮಕೇಬಾ, ಹ್ಯೂ ಮಸೆಕೆಲಾ, ಮುಂದೆ ಅಬ್ದುಲ್ಲಾ ಇಬ್ರಾಹಿಂ ಎಂದು ಹೆಸರಾದ ಪಿಯಾನೊ ವಾದಕ, ಎಲ್ಲರೂ ಅಷ್ಟರಲ್ಲಿ ದೇಶದ ಹೊರಗೆ. ಕ್ರಿಸ್ ಮೆಕ್‌ಗ್ರೆಗರನ ಬ್ಲೂ ನೋಟ್ಸ್ ತಂಡ ಹೊರಟದ್ದೂ ಅದೇ 1964ರಲ್ಲಿ. ಆಡುವವರೆಲ್ಲ ಊರು ಬಿಟ್ಟ ಮೇಲೆ ಉಳಿದ ಖಾಲಿ ಅಂಗಳದಲ್ಲಿ ಮಲೊಂಬೊದ ಡೋಲು ಕೇಳಿಸಿತು. ಗಿಟಾರಿನ ಆ ಮೌನಗಳನ್ನು ಕೇಳುವಾಗಲೆಲ್ಲ ನನಗೆ ಈ ಖಾಲಿ ಜಾಗದ ನೆನಪಾಗುತ್ತದೆ. ಅದು ನನ್ನ ಕಲ್ಪನೆಯೂ ಇರಬಹುದು; ಕೇಳುವವನು ಏನೂ ತಾರದೆ ಬರಿಗೈಯಲ್ಲಿ ಕೇಳುವುದಿಲ್ಲವಷ್ಟೆ.

ನನ್ನ ನಿಜವಾದ ತಕರಾರು ಶುರುವಾಗುವುದು ಇಲ್ಲಿಂದ. ಬೇರಿಗೆ ಮರಳಿದ ಸಂಗೀತ ಎಂದರೆ ಅದು ತಾನಾಗಿಯೇ ದಬ್ಬಾಳಿಕೆಯ ವಿರುದ್ಧ ನಿಲ್ಲುತ್ತದೆ ಎಂದು ನಾವು ನಂಬಿಬಿಡುತ್ತೇವೆ. ದಕ್ಷಿಣ ಆಫ್ರಿಕದಲ್ಲಿ ಹಾಗಿರಲಿಲ್ಲ. ಬೇರು ಎಂದರೆ ಅಲ್ಲಿನ ಸರಕಾರಕ್ಕೆ ಪ್ರಾಣ. ಪ್ರತಿಯೊಂದು ಕಪ್ಪು ಜನಾಂಗಕ್ಕೂ ಅದರದೇ ನಾಡು, ಅದರದೇ ನುಡಿ, ಅದರದೇ ಕುಣಿತ ಇದೆ, ಅಲ್ಲಿಯೇ ಇರಲಿ ಎಂಬುದೇ ವರ್ಣಭೇದದ ತತ್ವಜ್ಞಾನ. 1960ರಲ್ಲಿ ರೇಡಿಯೊ ಬಂಟು ಎಂಬ ಸೇವೆ ತೆಗೆದು ಒಂದೊಂದು ಭಾಷೆಗೆ ಒಂದೊಂದು ವಾಹಿನಿ ಮಾಡಿದರು. ಜನಪದ ಹಾಡುಗಳನ್ನು ಸಂಗ್ರಹಿಸಿ ಬಿತ್ತರಿಸಿದರು. 1979ರಲ್ಲಿ ವೆಂಡಾ ನಾಡನ್ನು ಸ್ವತಂತ್ರ ದೇಶ ಎಂದು ಘೋಷಿಸಿದರು. ದಕ್ಷಿಣ ಆಫ್ರಿಕದ ಕೃಪೆಯಲ್ಲಿದ್ದವರ ಹೊರತು ಲೋಕದ ಯಾವ ರಾಷ್ಟ್ರವೂ ಅದನ್ನು ಒಪ್ಪಲಿಲ್ಲ. 1994ರಲ್ಲಿ ಆ ನಾಟಕ ಮುಗಿಯಿತು. ನಿನ್ನ ಹಿರಿಯರ ಡೋಲನ್ನು ನೀನು ಬಡಿದುಕೋ ಎಂದು ಜೈಲಿನವನೇ ಡೋಲು ತಂದುಕೊಟ್ಟರೆ ಕೈದಿ ಏನು ಮಾಡಬೇಕು? ನಗರದ ಕಪ್ಪು ಸಂಗೀತಗಾರರು ಅಮೆರಿಕದ ಜಾಝನ್ನು ಅಷ್ಟು ಪ್ರೀತಿಯಿಂದ ಅಪ್ಪಿಕೊಂಡದ್ದಕ್ಕೆ ಇದೂ ಕಾರಣ. ಜಾಝ್ ನುಡಿಸುವುದೆಂದರೆ ನಾನು ನಿಮ್ಮ ನಕ್ಷೆಯ ಬುಡಕಟ್ಟಿನವನಲ್ಲ, ಈ ಕಾಲದ ಮನುಷ್ಯ ಎಂದು ಹೇಳಿದಂತೆ. ಹಾಗಿರುವಾಗ ಮಲೊಂಬೊದವರು ಹಳ್ಳಿಯ ಡೋಲನ್ನು ತಂದದ್ದು ಹಿಂದಕ್ಕೆ ನಡೆದಂತೆ ಆಗಲಿಲ್ಲವೇ?

ಆಗಲಿಲ್ಲ ಎಂಬುದು ನನ್ನ ತೀರ್ಮಾನ. ಅದಕ್ಕೆ ಆಧಾರ ಆ ಸಂಗೀತದ ಒಳಗೇ ಇದೆ. ಸರಕಾರದ ನಕ್ಷೆ ಏನು ಹೇಳುತ್ತದೆ? ಸೋಥೊದವನು ಸೋಥೊ ನುಡಿಸಲಿ, ವೆಂಡಾದವನು ವೆಂಡಾ. ತಬಾನೆ ಮಾಡಿದ್ದೇನು? ವೆಂಡಾ ಆಚರಣೆಯ ಹೆಸರು ಹೊತ್ತ. ಉತ್ತರ ಸೋಥೊ ಗಂಡಸರ ಊದುಗೊಳವೆಯ ಕುಣಿತದ ಜಾಡನ್ನು ಗಿಟಾರಿಗೆ ತಂದ. ಅದನ್ನು ಕಿಬಾ ಎನ್ನುತ್ತಾರೆ, ದಿನಾಕಾ ಎಂದೂ ಹೇಳುತ್ತಾರೆ. ಅದರಲ್ಲಿ ಒಬ್ಬೊಬ್ಬನ ಕೊಳವೆಗೆ ಒಂದೇ ಸ್ವರ. ತನ್ನ ಸರದಿ ಬಂದಾಗ ಊದಬೇಕು, ಬಾರದಾಗ ಸುಮ್ಮನಿರಬೇಕು. ಇಪ್ಪತ್ತು ಜನರ ಸುಮ್ಮನಿರುವಿಕೆ ಸೇರಿ ಒಂದು ರಾಗವಾಗುತ್ತದೆ. ತಬಾನೆಯ ಗಿಟಾರಿನ ಬಿಟ್ಟು ಬಿಟ್ಟು ನುಡಿಯುವ ರೀತಿ ಅಲ್ಲಿಯದು ಎಂದು ನನಗೆ ತೋರುತ್ತದೆ. ಅವನ ಸಂಗೀತವನ್ನು ಆಳವಾಗಿ ಅಭ್ಯಾಸ ಮಾಡಿದ ಸೆಲ್ಲೊ ಗಲಾನೆ ಕೂಡ ಅದನ್ನು ಕಿಬಾದ ಜೊತೆಯಲ್ಲೇ ಇಟ್ಟು ನೋಡುತ್ತಾರೆ. ಇದರ ಮೇಲೆ ಅಮೆರಿಕದ ಕಪ್ಪು ಜನರ ಬ್ಲೂಸ್. ತಂತಿಯನ್ನು ಎಳೆದು ಸ್ವರವನ್ನು ಅದರ ಜಾಗದಿಂದ ಸ್ವಲ್ಪ ಕದಲಿಸುವ, ಎರಡು ಸ್ವರಗಳ ನಡುವೆ ನರಳುವ ಆ ಪದ್ಧತಿ. ಬ್ಲೂಸಿನ ಬೇರು ಆಫ್ರಿಕದಲ್ಲಿದೆ, ಆದ್ದರಿಂದ ತಬಾನೆ ತನ್ನದನ್ನೇ ವಾಪಸು ಪಡೆದ ಎಂದು ಹೇಳುವವರಿದ್ದಾರೆ. ಚಂದದ ಮಾತು, ಆದರೆ ನಿಜವಲ್ಲ. ಅಮೆರಿಕಕ್ಕೆ ಸಾಗಿಸಲ್ಪಟ್ಟ ಗುಲಾಮರಲ್ಲಿ ಹೆಚ್ಚಿನವರು ಪಶ್ಚಿಮ ಮತ್ತು ಮಧ್ಯ ಆಫ್ರಿಕದವರು. ಮಾಮೆಲೋಡಿಗೆ ಬ್ಲೂಸ್ ಬಂದದ್ದು ಧ್ವನಿತಟ್ಟೆಯ ಮೂಲಕ, ನೆಂಟನ ಹಾಗೆ. ಹೀಗೆ ಮೂರು ಕಡೆಯದನ್ನು ಒಂದೇ ಕೈಯಲ್ಲಿ ಹಿಡಿದವನನ್ನು ಯಾವ ವಾಹಿನಿಯಲ್ಲಿ ಬಿತ್ತರಿಸುವುದು, ಯಾವ ನಾಡಿಗೆ ಅಟ್ಟುವುದು? ಪೂರ್ವಿಕರ ಆತ್ಮವೇ ಹೊಳೆ ದಾಟಿ ಬಂದು ಪರನುಡಿಯಲ್ಲಿ ಮಾತಾಡುವುದಾದರೆ ತಬಾನೆ ಸಂಪ್ರದಾಯವನ್ನು ಮುರಿಯಲಿಲ್ಲ. ಸರಕಾರಕ್ಕಿಂತ ಚೆನ್ನಾಗಿ ಅದನ್ನು ತಿಳಿದಿದ್ದ.

ಹೆಸರಿನಲ್ಲೂ ಒಂದು ದಿಟ್ಟತನವಿತ್ತು. 1957ರಲ್ಲಿ ಬಂದ ವಾಮಾಚಾರ ನಿಗ್ರಹದ ಕಾಯಿದೆ ಮಾಟಗಾತಿಯೆಂದು ಯಾರನ್ನಾದರೂ ಬೆರಳು ಮಾಡಿ ತೋರಿಸುವುದನ್ನು ಅಪರಾಧ ಮಾಡಿತ್ತು. ಆ ಮಟ್ಟಿಗೆ ಅದರ ಅಗತ್ಯವನ್ನು ಒಪ್ಪಬಹುದು. ಆದರೆ ಅದೇ ಕಾಯಿದೆ ಕಣಿ ಹೇಳುವ, ಅತೀಂದ್ರಿಯ ಶಕ್ತಿಯಿದೆ ಎನ್ನುವ ವೃತ್ತಿಯನ್ನೂ ತನ್ನ ಬಲೆಗೆ ಎಳೆದುಕೊಂಡಿತ್ತು. ಕುಣಿತ ಇರಲಿ, ಕಣಿ ಬೇಡ. ಬೇರಿನ ಚೆಲುವು ಇರಲಿ, ಅದರ ಅಧಿಕಾರ ಬೇಡ. ಸಾಂಪ್ರದಾಯಿಕ ಚಿಕಿತ್ಸಕರಿಗೆ ಕಾನೂನಿನ ಮಾನ್ಯತೆ ಕೊಡುವ ಕಾಯಿದೆ ಆದದ್ದು 2007ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ, 1978ರಲ್ಲಿ, ತಬಾನೆ ತನ್ನ ಒಂದು ಆಲ್ಬಮ್ಮಿಗೆ 'ಸಂಗೋಮ' ಎಂದೇ ಹೆಸರಿಟ್ಟ.

ಆದರೂ ಒಂದು ಪ್ರಶ್ನೆ ಉಳಿಯಿತು, ಎಲ್ಲಕ್ಕಿಂತ ಕಷ್ಟದ್ದು. 1956ರಿಂದ 58ರ ವರೆಗೆ ವೆಂಡಾ ಊರುಗಳಲ್ಲಿದ್ದು ಅವರ ಸಂಗೀತವನ್ನು ಅಭ್ಯಾಸ ಮಾಡಿದ ಜಾನ್ ಬ್ಲ್ಯಾಕಿಂಗ್ ಎಂಬ ವಿದ್ವಾಂಸರಿದ್ದರು. ಭಾರತೀಯ ಮೂಲದ ವೈದ್ಯೆಯೊಬ್ಬರೊಡನೆ ಅವರಿಗಿದ್ದ ಸಂಬಂಧವೇ ಆ ದೇಶದಲ್ಲಿ ಅಪರಾಧವಾಗಿ, 1969ರಲ್ಲಿ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ, ಇಬ್ಬರೂ ದೇಶ ಬಿಡಬೇಕಾಯಿತು. ಮನುಷ್ಯರ ಮೈಗಳ ನಡುವೆ ಕಾನೂನು ಎಷ್ಟು ದೂರ ಕೈಹಾಕುತ್ತಿತ್ತು ಎನ್ನುವುದಕ್ಕೆ ಇದೊಂದು ಉದಾಹರಣೆ ಸಾಕು. 1973ರಲ್ಲಿ ಬಂದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ಬ್ಲ್ಯಾಕಿಂಗ್ ಒಂದು ಸಂಗತಿಯನ್ನು ಗಮನಿಸಿದ್ದಾರೆ. ವೆಂಡಾ ಹೆಂಗಸಿನ ಮೈಮೇಲೆ ಆತ್ಮ ಬರುವುದು ಆಕೆಯ ಸ್ವಂತ ಮನೆಯಲ್ಲಿ, ಆಕೆಯ ಕುಲದ ಹಿರಿಯರಿಗೆ ಪರಿಚಿತವಾದ ನೆಲದಲ್ಲಿ ಕುಣಿದಾಗ ಮಾತ್ರ. ಅದೇ ಡೋಲು, ಅದೇ ಲಯ, ಬಡಿಯುವವರೂ ಅವರೇ. ಆದರೆ ಇನ್ನೊಂದು ಕೂಟದ ಮನೆಯಲ್ಲಿ ಬಡಿದರೆ ಆಕೆ ಚೆನ್ನಾಗಿ ಕುಣಿಯುತ್ತಾಳೆ, ಅಷ್ಟೆ. ಏನೂ ಬರುವುದಿಲ್ಲ.

ಈ ಒಂದು ಸಂಗತಿಯಿಂದ ಚಿಕಿತ್ಸಾ ಸಂಗೀತದ ಇಡೀ ವ್ಯಾಪಾರ ಕುಸಿದುಬೀಳುತ್ತದೆ. ಶಕ್ತಿ ಲಯದಲ್ಲಿಲ್ಲ, ಚರ್ಮದ ಕಂಪನದಲ್ಲಿಲ್ಲ. ಅದು ಯಾರ ಮನೆಯಲ್ಲಿ, ಯಾರ ನಡುವೆ, ಯಾರನ್ನು ಕರೆಯಲು ಬಡಿದದ್ದು ಎಂಬುದರಲ್ಲಿದೆ. ಹಾಗಾದರೆ ಒರ್ಲ್ಯಾಂಡೊ ಕ್ರೀಡಾಂಗಣದಲ್ಲಿ ಬಡಿದ ಡೋಲಿಗೆ ಏನು ಅರ್ಥ? ಸಾವಿರಾರು ಮೈಲಿ ದೂರದಲ್ಲಿ ಮುದ್ರಿಕೆಯ ಮೂಲಕ ಅದನ್ನು ಕೇಳುವ ನನ್ನಂಥವನಿಗೆ ಅದರಿಂದ ಏನು ಸಿಕ್ಕೀತು?

ನನಗೆ ಹೊಳೆದ ಉತ್ತರ ಇದು. ಮಾಮೆಲೋಡಿಯ, ಸೊವೆಟೊದ ಜನರಿಗೆ ಸ್ವಂತ ಮನೆ ಎಂಬುದೇ ಇರಲಿಲ್ಲ. ಹಳೆಯ ನೆಲೆಯಿಂದ ಲಾರಿಯಲ್ಲಿ ತಂದು ಇಳಿಸಿದ್ದರು. ಬೆಂಕಿಪೆಟ್ಟಿಗೆಯಂಥ ಮನೆಗಳು, ಸಂಖ್ಯೆ ಬರೆದ ಬಾಗಿಲುಗಳು, ನಗರದಲ್ಲಿ ಇರಲು ಜೇಬಿನಲ್ಲಿ ಪಾಸು. ಪೂರ್ವಿಕರು ಹುಡುಕಿಕೊಂಡು ಬರುವುದಾದರೂ ಯಾವ ವಿಳಾಸಕ್ಕೆ? ಇಂಥ ಕಡೆ ತಬಾನೆ ಮತ್ತು ಬಾಹುಲಾ ಆಚರಣೆಯನ್ನು ತಂದು ತೋರಿಸಲಿಲ್ಲ. ಅವರು ತಂದದ್ದು ಆಚರಣೆಯ ನಡುವೆ ಇರುವ ಪ್ರಶ್ನೆಯನ್ನು. ನೀನು ಯಾರು, ಎಲ್ಲಿಂದ ಬಂದೆ, ಏನು ಬೇಕು? ಪೊಲೀಸನೂ ದಿನವೂ ಅದನ್ನೇ ಕೇಳುತ್ತಿದ್ದ, ಪಾಸು ತೋರಿಸು ಎಂದು. ಡೋಲು ಅದೇ ಪ್ರಶ್ನೆಯನ್ನು ಬಂಧುಗಳು ಕೇಳುವ ದನಿಯಲ್ಲಿ ಕೇಳಿತು. ಗಿಟಾರು ನಿಂತ ಜಾಗ ಉತ್ತರಕ್ಕೆ ಬಿಟ್ಟ ಜಾಗ. ಮೂವರು ವಾದಕರು ಅಷ್ಟು ದೊಡ್ಡ ಮೈದಾನದಲ್ಲಿ ಅಷ್ಟೊಂದು ಮೌನವನ್ನು ಧೈರ್ಯವಾಗಿ ಬಿಟ್ಟದ್ದನ್ನು ನಾನು ಬೇರೆ ರೀತಿಯಲ್ಲಿ ಅರ್ಥಮಾಡಿಕೊಳ್ಳಲಾರೆ. ಆ ಸಂಜೆ ಯಾರ ಮೈಮೇಲೂ ಯಾರೂ ಬರಬೇಕಾಗಿರಲಿಲ್ಲ. ಬರಬಹುದಾದ ಒಂದು ಮನೆ ಇದೆ ಎನ್ನಿಸಿದರೆ ಸಾಕಿತ್ತು.

ತಂಡ ಹೆಚ್ಚು ಕಾಲ ಉಳಿಯಲಿಲ್ಲ. ಬಾಹುಲಾ ಮತ್ತು ಸಿಂಡಿ ಬೇರೆಯಾಗಿ, ಲಕ್ಕಿ ರಂಕು ಎಂಬ ಗಿಟಾರಿಗನನ್ನು ಸೇರಿಸಿಕೊಂಡು ಮಲೊಂಬೊ ಜಾಝ್ ಮೇಕರ್ಸ್ ಆದರು. ತಬಾನೆ, ಡೋಲಿಗೆ ಗೇಬ್ರಿಯಲ್ 'ಮಾಬಿ' ತೊಬೆಜಾನೆಯನ್ನು ಜೊತೆ ಮಾಡಿಕೊಂಡು ಹೆಸರನ್ನು ತಾನೂ ಬಿಡಲಿಲ್ಲ. ಜಗಳದಲ್ಲಿ ಯಾರದು ಸರಿ ಎಂದು ತೀರ್ಪು ಕೊಡುವ ಕೆಲಸ ನಮಗೇಕೆ? ಎರಡು ದಾರಿಗಳಿಂದ ಎರಡು ಬಗೆಯ ಸಂಗೀತ ಬಂತು ಎಂಬುದು ಮುಖ್ಯ. ಬಾಹುಲಾನ ದಾರಿ ಜನರ ನಡುವಿನದು. ಸ್ಟೀವ್ ಬಿಕೊ ಮುಂದೆ ನಿಂತಿದ್ದ ಕಪ್ಪು ಪ್ರಜ್ಞೆಯ ಚಳವಳಿಯ ಸಭೆಗಳಲ್ಲಿ ಆ ಡೋಲು ಕೇಳಿಸಿತು. 1973ರಲ್ಲಿ ಅವನು ದೇಶ ಬಿಟ್ಟು ಲಂಡನ್ನು ಸೇರಿದ. ಅಲ್ಲಿನ ಹಂಡ್ರೆಡ್ ಕ್ಲಬ್ಬಿನಲ್ಲಿ ಶುಕ್ರವಾರದ ಆಫ್ರಿಕನ್ ರಾತ್ರಿಗಳನ್ನು ನಡೆಸಿದ. 1983ರಲ್ಲಿ ಮಂಡೇಲಾರ 65ನೆಯ ಹುಟ್ಟುಹಬ್ಬಕ್ಕೆ ಅಲೆಗ್ಸಾಂಡ್ರಾ ಪ್ಯಾಲೇಸಿನಲ್ಲಿ ದೊಡ್ಡ ಕಛೇರಿ ಏರ್ಪಡಿಸಿದ. ಆ ಕಛೇರಿಗೆ ಹೋಗಿದ್ದ ಜೆರ್ರಿ ಡ್ಯಾಮರ್ಸ್ ಅದರಿಂದ ಪ್ರೇರಿತನಾಗಿ ಬರೆದ, ಮಂಡೇಲಾರ ಬಿಡುಗಡೆ ಕೇಳುವ ಹಾಡು 1984ರಲ್ಲಿ ಬಂದು ಲೋಕವೆಲ್ಲ ಹರಡಿತು. ಆ ಮಟ್ಟಿಗೆ, ಹೆಸರಿಟ್ಟು ಕರೆಯುವ ಮಲೊಂಬೊದ ಕೆಲಸವನ್ನು ಬಾಹುಲಾ ಅಕ್ಷರಶಃ ಮಾಡಿದ ಎನ್ನಬೇಕು. ಹೆಸರು ಹೇಳಲೂ ಬಾರದೆಂದು ಮುಚ್ಚಿಟ್ಟ ಮನುಷ್ಯನನ್ನು ಊರೂರಿನಲ್ಲಿ ಹೆಸರು ಹಿಡಿದು ಕೂಗಿಸಿದ. 2023ರಲ್ಲಿ ಅವನು ತೀರಿಕೊಂಡ.

ತಬಾನೆಯದು ಒಂಟಿ ದಾರಿ. ಅಮೆರಿಕದಲ್ಲಿ ನುಡಿಸಿ ಬಂದ, ಅಲ್ಲಿ ನೆಲೆಸಲಿಲ್ಲ, ಮಾಮೆಲೋಡಿಗೇ ಮರಳಿದ. ಅವನ ಮುದ್ರಿಕೆಗಳನ್ನು ಸಾಲಾಗಿ ಕೇಳಿದರೆ ಅವು ಒಂದೇ ಮಟ್ಟದಲ್ಲಿಲ್ಲ ಎಂಬುದನ್ನು ಹೇಳಲೇಬೇಕು. ತನ್ನ ದನಿಯೊಂದಿಗೇ ನಡೆಸುವ ಸಂವಾದ ಕೆಲವು ಕಡೆ ಚಟವಾಗಿಬಿಟ್ಟಿದೆ. ಗುರುಗುಟ್ಟುವುದು ಎಲ್ಲಿ ಬರುತ್ತದೆಂದು ಮೊದಲೇ ಗೊತ್ತಾಗಿಬಿಡುತ್ತದೆ. ರಾತ್ರಿಯಿಡೀ ನಡೆಯಬೇಕಾದ್ದನ್ನು ಕೆಲವು ನಿಮಿಷಕ್ಕೆ ಕತ್ತರಿಸುವುದು ಧ್ವನಿಮುದ್ರಣದ ಕರ್ಮ, ಅದಕ್ಕೆ ಅವನನ್ನು ದೂರಲಾರೆ. ಆದರೆ ತೊಬೆಜಾನೆ ಜೊತೆಗಿರುವಾಗ, ಗಿಟಾರು ಮತ್ತು ಡೋಲು ಎರಡೇ ಇರುವಾಗ, ಈ ಸಂಗೀತ ತನ್ನ ಎತ್ತರವನ್ನು ಮುಟ್ಟುತ್ತದೆ. ತೊಬೆಜಾನೆ ತಾಳ ಹಾಕುವುದಿಲ್ಲ, ಎದುರುವಾದ ಮಾಡುತ್ತಾನೆ. ಕಾಲಿಗೆ ಕಟ್ಟಿದ ಗೆಜ್ಜೆಯಂಥ ಗಿಲಕಿ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ, ಕೈ ಇನ್ನೊಂದು. ತಬಾನೆ ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟರೆ ಇವನು ಅದನ್ನು ಪೂರ್ತಿ ಮಾಡುವುದಿಲ್ಲ, ಅರ್ಧವಾಗಿಯೇ ಎತ್ತಿ ಹಿಂದಕ್ಕೆ ಕೊಡುತ್ತಾನೆ. 1989ರಲ್ಲಿ ಅಮೆರಿಕದ ನಾನ್‌ಸಚ್ ಕಂಪನಿ ಹೊರತಂದ ಮಲೊಂಬೊ ಆಲ್ಬಮ್ಮಿನ ಹೆಸರು ಒಂದು ಪದವೂ ಅಲ್ಲ, ಬರೀ ಹೂಂಕಾರ. ಹೆಸರಾಗುವ ಮೊದಲಿನ ಸದ್ದು ಅದು, ಮೈಮೇಲೆ ಬಂದವರು ಬಾಯಿ ತೆರೆಯುವ ಕ್ಷಣದ್ದು. ತಬಾನೆಗೆ ತಾನು ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು.

ಇಷ್ಟೆಲ್ಲ ಮೆಚ್ಚಿದ ಮೇಲೂ ನನ್ನನ್ನು ಬಿಡದೆ ಕಾಡುವ ಒಂದು ಕೊರತೆ ಇದೆ. ಇದರ ಬಗ್ಗೆ ಬರೆದವರು ಅದನ್ನು ಹೇಳಿದ್ದನ್ನು ನಾನು ಹೆಚ್ಚು ಕಂಡಿಲ್ಲ. ವೆಂಡಾ ಊರುಗಳಲ್ಲಿ ಡೋಲು ಹೆಚ್ಚಾಗಿ ಹೆಂಗಸರ, ಹುಡುಗಿಯರ ಕೈಯದು. ಮುರುಂಬಾ ಎಂಬ, ತೊಡೆಗಳ ನಡುವೆ ಇಟ್ಟುಕೊಂಡು ಬರಿಗೈಯಲ್ಲಿ ಬಡಿಯುವ ಡೋಲನ್ನು ಅವರೇ ನುಡಿಸುತ್ತಾರೆ. ಮೈಮೇಲೆ ಬರುವುದೂ ಹೆಚ್ಚಾಗಿ ಹೆಂಗಸರಿಗೆ. ತಬಾನೆಗೆ ಈ ಲೋಕವನ್ನು ತೋರಿಸಿಕೊಟ್ಟವಳು ಅವನ ತಾಯಿ. ಆದರೆ ವೇದಿಕೆಯ ಮೇಲೆ ಕಾಣಿಸುವವರು ಮೂವರು ಗಂಡಸರು, ಆಮೇಲೆ ಇಬ್ಬರು ಗಂಡಸರು. ಕಾಯಿಲೆ ಬಿದ್ದವಳು, ಕುಣಿದವಳು, ಡೋಲು ಬಡಿದವಳು, ಗುಣಪಡಿಸಿದವಳು ಎಲ್ಲರೂ ಹಿನ್ನೆಲೆಗೆ ಸರಿದರು. ನಗರದ ರಾತ್ರಿಗಳು ಹೆಂಗಸರಿಗೆ ಸುರಕ್ಷಿತವಾಗಿರಲಿಲ್ಲ, ಜಾಝ್ ತಂಡಗಳಲ್ಲಿ ಹೆಂಗಸರಿಗೆ ಹಾಡುಗಾರ್ತಿಯ ಪಾತ್ರ ಬಿಟ್ಟರೆ ಬೇರೆ ಇರಲಿಲ್ಲ ಎಂಬ ಸಮಜಾಯಿಷಿ ಕೊಡಬಹುದು. ಸಮಜಾಯಿಷಿ ನಿಜವೇ ಇರಬಹುದು. ಆದರೂ ನಿನ್ನನ್ನು ಮರೆತೆವೆಂದು ಒಪ್ಪಿ ಜಾಗ ಕೊಡುವುದೇ ಮಲೊಂಬೊದ ತಿರುಳಾಗಿದ್ದರೆ, ಮಲೊಂಬೊ ಹೆಸರಿನ ತಂಡವೇ ಮರೆತ ಮೇಲೆ ಯಾರ ಹತ್ತಿರ ಹೇಳುವುದು? ತಬಾನೆ ಕೀರಲು ದನಿಗೆ ಏರಿದಾಗಲೆಲ್ಲ ಅಲ್ಲಿ ಇಲ್ಲದ ಹೆಂಗಸೊಬ್ಬಳ ದನಿಯನ್ನು ತಾನೇ ಹಾಡಿಕೊಳ್ಳುತ್ತಿದ್ದಾನೆ ಎಂದು ನನಗೆ ಕೇಳುತ್ತದೆ. ಅದು ಋಣವೂ ಹೌದು, ಕಸಿದುಕೊಂಡದ್ದೂ ಹೌದು.

ತಬಾನೆ 2018ರ ಮೇ ತಿಂಗಳಲ್ಲಿ ತೀರಿಕೊಂಡ. ಅವನ ಮಗ ಥಬಾಂಗ್ ತಬಾನೆ ತಾಳವಾದ್ಯ ನುಡಿಸುವವನು, ಡೋಲನ್ನು ತೊಬೆಜಾನೆಯಿಂದ ಕಲಿತವನು. ಅದೇ ವರ್ಷ ಅವನ ಮೊದಲ ಆಲ್ಬಮ್ ಬಂತು. ಅದಕ್ಕೆ ಅವನು ಇಟ್ಟ ಹೆಸರು 'ಮಾತ್ಜಾಲೆ', ಚಿಕಿತ್ಸೆ ಮಾಡುತ್ತಿದ್ದ ಅಜ್ಜಿಯ ಹೆಸರು.